ಸೂತಕದ ಮಷೀನು

ಮಷೀನಿನ ಪಕ್ಕದಲ್ಲೇ ದಿನ ಕಳೆಯುವವರಿಗೆ ಅದು ಓಡುತ್ತಿರುವಾಗ ಸದ್ದು ಕೇಳಿಸುವುದಿಲ್ಲ, ತಡೆದಾಗ ಕೇಳಿಸುತ್ತದೆ. ಮೇಲಿನ ಗಾಜಿನ ಕೋಣೆಯಲ್ಲಿ ಕೂತಿದ್ದ ಚೇತನಾಗೆ ಅವತ್ತು ಬೆಳಗ್ಗೆ ಕೇಳಿಸಿದ್ದು ಹಾಗೆ. ಒಂದೇ ಸಮನೆ ಸಾಗುತ್ತಿದ್ದ ಸದ್ದು ತಡೆದು, ಇದ್ದಲ್ಲೇ ಉಜ್ಜುವ ಸದ್ದಾಯಿತು. ಮತ್ತೆ ಸಾಗಿತು. ಮತ್ತೆ ತಡೆಯಿತು. ಅವಳು ಕಾಫಿ ಲೋಟವನ್ನು ಎಲ್ಲಿಟ್ಟೆ ಅನ್ನುವುದನ್ನೂ ನೋಡದೆ ಎದ್ದು ಮೆಟ್ಟಿಲಿಳಿದಳು.

ಕೆಳಗೆ ಆಗಲೇ ಸುಬ್ರಮಣಿಯ ಗಂಟಲು ಏರಿತ್ತು.

"ಮತ್ತೆ ಗುರುತು ಬಿತ್ತಲ್ಲೋ! ಕಣ್ಣು ಎಲ್ಲಿಟ್ಕೊಂಡಿದ್ದೆ ನೀನು?"

ಸುಬ್ರಮಣಿ ಮಾಲೀಕ. ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನ ಗಲ್ಲಿಯೊಂದರಲ್ಲಿ ಅಮ್ಮನ ಹೆಸರಿನಲ್ಲಿ ‘ಯಶೋದಾ ಟೂಲ್ಸ್’ ಅಂತ ಬೋರ್ಡು ಹಾಕಿಕೊಂಡು ಪ್ಲಾಸ್ಟಿಕ್ ಸಾಮಾನುಗಳ ಅಚ್ಚು ಮಾಡಿಕೊಡುತ್ತಿದ್ದ. ಆಗ ಮಷೀನಿನ ಮೇಲಿದ್ದದ್ದು ಟಿಫನ್ ಡಬ್ಬಿಯ ಮುಚ್ಚಳದ ಅಚ್ಚು. ನುಣ್ಣಗಿರಬೇಕಾದ ಉಕ್ಕಿನ ಮೇಲೆ ಅಲ್ಲಲ್ಲಿ ಉಗುರಿನಿಂದ ಚಿವುಟಿದಂಥ ಗುರುತುಗಳು ಬಿದ್ದಿದ್ದವು. ಉಕ್ಕನ್ನು ಕೊರೆಯುವ ಟೂಲು ಮುಂದೆ ಸಾಗದೆ ಇದ್ದಲ್ಲೇ ತಿರುಗಿದರೆ ಹಾಗಾಗುತ್ತದೆ. ಅಚ್ಚಿನಲ್ಲೊಂದು ಗುರುತಿದ್ದರೆ ಅದರಲ್ಲಿ ಹುಟ್ಟುವ ಪ್ರತಿ ಮುಚ್ಚಳಕ್ಕೂ ಆ ಗುರುತು ತಪ್ಪಿದ್ದಲ್ಲ.

"ನಾ ನಿಲ್ಲಿಸಿಲ್ರಿ ಸರ. ಅದಽ ನಿಂತೈತಿ," ಅಂದ ದ್ಯಾಮಪ್ಪ.

ದ್ಯಾಮಪ್ಪ ಆ ಮಷೀನಿನ ಆಪರೇಟರ್. ಕುಷ್ಟಗಿ ಕಡೆಯವನು, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಬೇರೆಯವರು ಊಟಕ್ಕೆ ಕೂತಾಗಲೂ ಒಂದು ಕಣ್ಣು ಮಷೀನಿನ ಕಡೆ ಇಟ್ಟುಕೊಂಡೇ ರೊಟ್ಟಿ ಮುರಿಯುತ್ತಿದ್ದವನು. ಅಂಥವನು ಈಗ ಮಾಲೀಕನ ಕಣ್ಣಿಗೆ ಕಣ್ಣು ಕೊಡದೆ ನೆಲ ನೋಡುತ್ತಿದ್ದ. ಚೇತನಾ ಅದನ್ನು ಗಮನಿಸಿದಳು. ತಪ್ಪು ಮಾಡದವನು ಯಾಕೆ ನೆಲ ನೋಡಬೇಕು ಅಂತ ಅವಳಿಗೂ ಅನ್ನಿಸಿತು.

ಈ ಕಾಟ ಶುರುವಾದದ್ದು ಆಯುಧಪೂಜೆ ಆದಮೇಲೆ. ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹಬ್ಬದ ಹಿಂದಿನ ದಿನದವರೆಗೂ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಓಡುತ್ತಿದ್ದ ಮಷೀನು, ಪೂಜೆ ಮುಗಿದು ಬಾಗಿಲು ತೆಗೆದ ದಿನದಿಂದಲೇ ಮೊಂಡು ಹಿಡಿಯಿತು. ಅದರಲ್ಲೂ ವಿಚಿತ್ರವೆಂದರೆ, ಚಿಕ್ಕಪುಟ್ಟ ಕೆಲಸ ಕೊಟ್ಟರೆ ಚಕಾರವೆತ್ತದೆ ಮಾಡಿ ಮುಗಿಸುತ್ತಿತ್ತು. ದೊಡ್ಡ ಕೆಲಸ, ಅಂದರೆ ದಿನವಿಡೀ ನುಣುಪು ಮಾಡುವಂಥದ್ದು ಕೊಟ್ಟರೆ ಮಾತ್ರ ಬಿಕ್ಕಳಿಸುತ್ತಿತ್ತು. ಅಂಥ ಕೆಲಸದ ಪ್ರೋಗ್ರಾಮು ಬಹಳ ಉದ್ದ, ಮಷೀನಿನ ಹೊಟ್ಟೆ ಚಿಕ್ಕದು. ಹಾಗಾಗಿ ಮೇಲಿನ ಕೋಣೆಯ ಕಂಪ್ಯೂಟರಿನಿಂದ ವೈರಿನಲ್ಲಿ ಸ್ವಲ್ಪ ಸ್ವಲ್ಪವೇ ತರಿಸಿಕೊಂಡು, ತರಿಸಿಕೊಂಡಷ್ಟನ್ನು ಕೊರೆಯುತ್ತ ಹೋಗುತ್ತದೆ. ಆ ಪ್ರೋಗ್ರಾಮುಗಳನ್ನು ಬರೆಯುವವಳು ಚೇತನಾ.

ಆದ್ದರಿಂದ ಮೊದಲ ಅನುಮಾನ ಅವಳ ಮೇಲೇ ಬಂದಿತ್ತು. ಸುಬ್ರಮಣಿ ಬಾಯಿಬಿಟ್ಟು ಹೇಳಿರಲಿಲ್ಲ. "ಒಂದ್ಸಲ ನೋಡಮ್ಮ ಸರಿಯಾಗಿ" ಅಂದಿದ್ದನಷ್ಟೆ. ಅವಳು ಸಾಲು ಸಾಲಾಗಿ ನೋಡಿದಳು, ತಪ್ಪು ಸಿಗಲಿಲ್ಲ. ವೈರು ಬದಲಾಯಿಸಿದಳು, ಗುಣವಾಗಲಿಲ್ಲ. ಮಷೀನು ಮಾರಿದ ಕಂಪನಿಯ ಇಂಜಿನಿಯರಿಗೆ ಫೋನು ಮಾಡಿದರೆ ಆತ "ಪಿಂಗ್ ಮಾಡಿ ನೋಡಿ" ಅಂದ. ಪಿಂಗ್ ಅಂದರೆ ಈ ತುದಿಯಿಂದ ‘ಇದ್ದೀಯಾ’ ಅಂತ ಕೂಗಿ ಆ ತುದಿಯಿಂದ ‘ಇದ್ದೀನಿ’ ಅಂತ ಉತ್ತರ ಬರುತ್ತದೋ ನೋಡುವುದು. ಕೂಗಿದಷ್ಟು ಸಲವೂ ಉತ್ತರ ಬಂತು. "ನಿಮ್ಮ ನೆಟ್‌ವರ್ಕ್ ಸರಿಯಾಗಿದೆ, ಆಪರೇಟರನ್ನ ವಿಚಾರಿಸ್ಕೊಳ್ಳಿ" ಅಂತ ಹೇಳಿ ಆತ ಫೋನಿಟ್ಟ. ಕಾಣದ ಕಡೆ ಕೂತು ತೀರ್ಪು ಕೊಡುವುದು ಎಷ್ಟು ಸಲೀಸು ನೋಡಿ! ಆ ಒಂದು ಮಾತು ದ್ಯಾಮಪ್ಪನ ತಲೆಗೆ ಬಂತು.

ಈ ನಡುವೆ ಯಶೋದಮ್ಮನವರೂ ರಂಗಕ್ಕಿಳಿದರು. ಸುಬ್ರಮಣಿಯ ತಾಯಿ, ವರ್ಕ್‌ಶಾಪಿನ ಹಿಂದಿನ ಮನೆಯಲ್ಲೇ ಇರುವವರು. ಮಷೀನಿಗೆ ದೃಷ್ಟಿಯಾಗಿದೆ ಅಂತ ನಿಂಬೆಹಣ್ಣು ಕಟ್ಟಿಸಿದರು, ಬೂದುಗುಂಬಳ ಒಡೆಸಿದರು. ಆದರೂ ಅವತ್ತು ಮತ್ತೆ ಮುಚ್ಚಳದ ಅಚ್ಚಿನ ಮೇಲೆ ಗುರುತು ಬಿದ್ದಾಗ ಅವರು ಮಗನನ್ನು ಪಕ್ಕಕ್ಕೆ ಕರೆದು, "ಯಾರೋ ಏನೋ ಮಾಡಿ ಮುಚ್ಚಿಟ್ಟಿದ್ದಾರೆ ಕಣೋ ಸುಬ್ಬು. ಪೂಜೇಲಿ ಏನೋ ಲೋಪ ಆಗಿದೆ. ಇವತ್ತು ಕೇಳೇಬಿಡ್ತೀನಿ" ಅಂದರು.

ಕೇಳಿದ ರೀತಿ ಹೀಗಿತ್ತು. ಮಷೀನಿನ ಮುಂದೆ ತಟ್ಟೆಯಿಟ್ಟು ಕರ್ಪೂರ ಹಚ್ಚಿದರು. ಒಬ್ಬೊಬ್ಬರಾಗಿ ಬಂದು ಆರತಿ ಮುಟ್ಟಿ ‘ನನ್ನಿಂದ ಏನೂ ಆಗಿಲ್ಲ’ ಅಂತ ಹೇಳಬೇಕು. ಸುಬ್ರಮಣಿ ಮುಜುಗರದಿಂದ ಮುಟ್ಟಿದ. ಲೇತಿನವರು, ಪಾಲಿಶಿನವರು ಮುಟ್ಟಿದರು. ಚೇತನಾ ಮುಟ್ಟಿ, "ನನ್ನಿಂದ ಏನೂ ಆಗಿಲ್ಲಮ್ಮ" ಅಂದಳು. ಹಾಗಂದಾಗ ಅವಳ ಮನಸ್ಸಿನಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ.

ದ್ಯಾಮಪ್ಪ ಮುಂದೆ ಬಂದವನು ಕೈ ಚಾಚಲಿಲ್ಲ.

"ಮುಟ್ಟಪ್ಪ," ಅಂದರು ಯಶೋದಮ್ಮ.

"ಆಗಂಗಿಲ್ರಿ ಅಮ್ಮಾರ. ನನ್ನಿಂದನ ಆಗೈತ್ರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇವನು ತಾನೇ ಮುಂದೆ ಬಂದು ಹೆಗಲು ತೋರಿಸಿದ್ದ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದ್ಯಾಮಪ್ಪ ತಡೆದು ತಡೆದು ಹೇಳಿದ. ಅವನನ್ನು ಸಾಕಿದವಳು ದೊಡ್ಡವ್ವ. ಹೆತ್ತವ್ವ ಅವನು ಎದೆಹಾಲು ಬಿಡುವ ಮೊದಲೇ ಹೋಗಿದ್ದಳು. ಆಯುಧಪೂಜೆಯ ದಿನ ಬೆಳಗ್ಗೆ, ಇನ್ನೂ ಮಾವಿನ ತೋರಣ ಕಟ್ಟುತ್ತಿದ್ದಾಗ, ದೊಡ್ಡವ್ವ ತೀರಿಕೊಂಡಳು ಅಂತ ಊರಿನಿಂದ ಫೋನು ಬಂತು. ಹೇಳಿದರೆ ಮಷೀನು ಮುಟ್ಟುವ ಹಾಗಿಲ್ಲ. ಆ ಮಷೀನಿಗೆ ಆರತಿ ಎತ್ತಿ ಬಟನ್ ಒತ್ತುವುದು ಅದರ ಆಪರೇಟರನೇ, ಅಲ್ಲಿಯ ಪದ್ಧತಿ ಅದು. ಮುಚ್ಚಳದ ಅಚ್ಚು ಮುಗಿಯುವವರೆಗೆ ಯಾರಿಗೂ ರಜೆಯಿಲ್ಲ ಅಂತ ಮಾಲೀಕ ಮೊದಲೇ ಹೇಳಿಯಾಗಿತ್ತು. ಅವನು ಸುಮ್ಮನಾದ. ಸೂತಕದ ಮೈಯಲ್ಲೇ ಅರಿಶಿನ ಕುಂಕುಮ ಹಚ್ಚಿ, ಆರತಿ ಎತ್ತಿ, ಬಟನ್ ಒತ್ತಿದ. ಊರಿಗೂ ಹೋಗಲಿಲ್ಲ.

"ಮಣ್ಣಿಗೂ ಹೋಗ್ಲಿಲ್ರಿ," ಅಂದ. "ಅವತ್ತಿಂದನ ಮಷೀನ್ ನಿಲ್ಲಾಕತ್ತೈತಿ."

ಯಶೋದಮ್ಮ ಎರಡು ಹೆಜ್ಜೆ ಹಿಂದೆ ಸರಿದರು. ಸುಬ್ರಮಣಿಗೆ ಸೂತಕ ಮೈಲಿಗೆಯಲ್ಲಿ ಅಷ್ಟೇನೂ ನಂಬಿಕೆಯಿರಲಿಲ್ಲ. ಆದರೆ ಇಷ್ಟು ದಿನ ಹಿಡಿಯಲು ಬಾಲವೇ ಇಲ್ಲದ ಕಾಟಕ್ಕೆ ಒಂದು ಬಾಲ ಸಿಕ್ಕಿತಲ್ಲ, ಅವನಿಗೆ ಅಷ್ಟು ಸಾಕಿತ್ತು. "ಇಷ್ಟು ದಿನ ಬಾಯಿ ಮುಚ್ಕೊಂಡು ನನ್ ಕೆಲಸ ಹಾಳು ಮಾಡಿದ್ಯಲ್ಲೋ. ಹೋಗು. ನಾಳೆಯಿಂದ ಬರಬೇಡ," ಅಂದ.

ದ್ಯಾಮಪ್ಪ ಗೂಟಕ್ಕೆ ಹಾಕಿದ್ದ ಅಂಗಿ ತೊಟ್ಟು, ಊಟದ ಡಬ್ಬಿ ತೆಗೆದುಕೊಂಡು ಹೊರಟ.

ಚೇತನಾ ಮೇಲೆ ಬಂದು ಕುರ್ಚಿಯಲ್ಲಿ ಕೂತಳು. ಎದೆ ಹಗುರವಾಗಿತ್ತು. ಸದ್ಯ, ನನ್ನ ಪ್ರೋಗ್ರಾಮಿನದಲ್ಲ. ಹಾಗೆ ಅನ್ನಿಸಿದ ಮರುಗಳಿಗೆಯೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ತಾಯಿಯಂಥವಳನ್ನು ಕಳೆದುಕೊಂಡವನು ಕೆಲಸವನ್ನೂ ಕಳೆದುಕೊಂಡು ಗೇಟು ದಾಟುತ್ತಿದ್ದಾನೆ, ನನಗೆ ಸಮಾಧಾನವಾಗುತ್ತಿದೆಯಲ್ಲ! ಸಂಜೆ ಆರ್‌ಪಿಸಿ ಲೇಔಟಿನ ಮನೆಗೆ ಹೋದರೂ ಅನ್ನ ಸೇರಲಿಲ್ಲ.

ಮಾರನೆಯ ಬೆಳಗ್ಗೆ ಪುರೋಹಿತರು ಬಂದರು, ಪುಣ್ಯಾಹಕ್ಕೆ. "ಕಂಪ್ಯೂಟರ್‌ಗಳಿಗೆಲ್ಲ ಕವರ್ ಹಾಕಮ್ಮ, ನೀರು ಪ್ರೋಕ್ಷಣೆ ಮಾಡ್ತಾರೆ," ಅಂದ ಸುಬ್ರಮಣಿ. ಅಷ್ಟು ಹೊತ್ತಿಗೆ ಅವನೇ ಮಷೀನಿನ ಮೇಲೊಂದು ಹಳೆಯ ತುಂಡು ಕಟ್ಟಿ ಉದ್ದನೆಯ ಕೆಲಸ ಹಚ್ಚಿಟ್ಟಿದ್ದ. ಮಂತ್ರ ಬೀಳುತ್ತಿರುವಾಗಲೇ ಸರಿಹೋಗುತ್ತದೋ ನೋಡುವ ಆಸೆ. ಅದು ಬಿಕ್ಕಳಿಸುತ್ತ ಓಡುತ್ತಿತ್ತು.

ಚೇತನಾ ಪ್ಲಾಸ್ಟಿಕ್ ಹಾಳೆಗಳನ್ನು ಹಿಡಿದು ಒಂದೊಂದನ್ನೇ ಮುಚ್ಚುತ್ತ ಬಂದಳು. ಕೊನೆಗೆ ಉಳಿದದ್ದು ಗೋಡೆಯ ಮೇಲಿನ ಕಪ್ಪು ಡಬ್ಬಿ. ಎಲ್ಲ ಕಂಪ್ಯೂಟರುಗಳ ವೈರೂ ಬಂದು ಸೇರುವುದು ಅದಕ್ಕೇ, ನೆಟ್‌ವರ್ಕ್ ಸ್ವಿಚ್ ಅನ್ನುತ್ತಾರೆ. ಪ್ರತಿ ವೈರಿಗೂ ಪುಟ್ಟ ದೀಪಗಳಿದ್ದವು. ಮಷೀನಿನಿಂದ ಬಂದ ವೈರಿನ ಹತ್ತಿರ ಒಂದು ಹಳದಿ ದೀಪ ಹುಚ್ಚು ಹಿಡಿದ ಹಾಗೆ ಮಿಟುಕುತ್ತಿತ್ತು. ಉಳಿದ ಹಳದಿ ದೀಪಗಳು ಉರಿದುಕೊಂಡು ಸುಮ್ಮನಿದ್ದವು. ಕೆಳಗಿನ ಸದ್ದು ತಡೆದಾಗಲೆಲ್ಲ ಇದರ ಮಿಟುಕಾಟ ಹೆಚ್ಚುತ್ತಿತ್ತು.

ಅವಳು ಪ್ಲಾಸ್ಟಿಕ್ ಹಿಡಿದ ಕೈ ಹಾಗೇ ನಿಲ್ಲಿಸಿದಳು.

ಹಬ್ಬದ ಹಿಂದಿನ ದಿನ ಇಡೀ ವರ್ಕ್‌ಶಾಪನ್ನು ಥಿನ್ನರಿನಲ್ಲಿ ಒರೆಸಿ ತೊಳೆಯುವುದು ವಾಡಿಕೆ. ಸ್ಪ್ಯಾನರಿನಿಂದ ಹಿಡಿದು ಕ್ಯಾಲ್ಕ್ಯುಲೇಟರಿನವರೆಗೆ ಯಾವುದೂ ಕೊಳೆಯಾಗಿರಬಾರದು. ಮೇಲಿನ ಕೋಣೆ ಅವಳ ಪಾಲಿನದು. ಈ ಡಬ್ಬಿ ಜಿಡ್ಡು ಧೂಳು ಹಿಡಿದು ಅಸಹ್ಯವಾಗಿತ್ತು. ಅವಳು ವೈರುಗಳನ್ನೆಲ್ಲ ಕಿತ್ತು, ಡಬ್ಬಿಯನ್ನು ಥಳಥಳ ಒರೆಸಿ, ಚೆಂದ ಕಾಣಲಿ ಅಂತ ಉದ್ದದ ಪ್ರಕಾರ ಜೋಡಿಸಿ ಮತ್ತೆ ಸಿಕ್ಕಿಸಿದ್ದಳು. ಒಂದು ತೂತಿನ ಪಕ್ಕ ಕೆಂಪು ಮಾರ್ಕರಿನ ಗೀಟಿತ್ತು. ಯಾವುದೋ ಹಳೆಯ ಕಲೆ ಅಂತ ಥಿನ್ನರಿನಲ್ಲಿ ಅದನ್ನೂ ಒರೆಸಿಹಾಕಿದ್ದಳು. ಮೇಲೊಂದು ಸೇವಂತಿಗೆ ಬೇರೆ ಇಟ್ಟಿದ್ದಳು, ಮಹರಾಯಿತಿ!

ಮಷೀನು ಹೊಸದಾಗಿ ಬಂದಾಗ ಆ ಗೀಟು ಎಳೆದವನು ಕಂಪನಿಯಿಂದ ಬಂದ ಹುಡುಗ. ಎಳೆಯುತ್ತ ಏನೋ ಹೇಳಿದ್ದ. ಅವಳು ಈಗ ನೆನಪು ಮಾಡಿಕೊಂಡಳು. ವೈರಿನ ಎರಡು ತುದಿಗಳೂ ಮೊದಲು ತಮ್ಮತಮ್ಮಲ್ಲಿ ಮಾತಾಡಿಕೊಂಡು ಒಪ್ಪಂದಕ್ಕೆ ಬರುತ್ತವೆ: ಎಷ್ಟು ವೇಗ, ಇಬ್ಬರೂ ಒಟ್ಟಿಗೇ ಮಾತಾಡಬಹುದೋ, ಒಬ್ಬರ ಸರದಿ ಮುಗಿದ ಮೇಲೆ ಇನ್ನೊಬ್ಬರೋ. ಅದಕ್ಕೆ ‘ಆಟೋ’ ಅನ್ನುತ್ತಾರೆ. ಈ ಮಷೀನಿಗೆ ಆ ಮಾತುಕತೆ ಬೇಡ ಅಂತ ಆ ಹುಡುಗ ಎರಡೂ ತುದಿಯನ್ನು ಕೈಯಾರೆ ಗಟ್ಟಿ ಮಾಡಿದ್ದ: ನೂರರ ವೇಗ, ಫುಲ್ ಡ್ಯುಪ್ಲೆಕ್ಸ್, ಅಂದರೆ ಇಬ್ಬರೂ ಒಟ್ಟಿಗೇ ಮಾತಾಡುವುದು. "ಈ ತೂತು ಬಿಟ್ಟು ಬೇರೆ ಕಡೆ ಹಾಕ್ಬೇಡಿ ಮೇಡಂ," ಅಂದಿದ್ದ.

ಅವಳು ಬೇರೆ ಕಡೆ ಹಾಕಿದ್ದಳು. ಹೊಸ ತೂತು ‘ಆಟೋ’ದಲ್ಲಿತ್ತು. ಅದು ಒಪ್ಪಂದಕ್ಕೆ ಮಷೀನನ್ನು ಕರೆಯಿತು, ಮಷೀನು ಉತ್ತರ ಕೊಡಲಿಲ್ಲ. ಉತ್ತರ ಬಾರದಿದ್ದರೆ ಅದು ಹೆದರಿಕೊಂಡು ಹಾಫ್ ಡ್ಯುಪ್ಲೆಕ್ಸಿಗೆ, ಸರದಿಯ ಮಾತಿಗೆ ಇಳಿಯುತ್ತದೆ. ಒಂದು ತುದಿ ಯಾವಾಗ ಬೇಕೆಂದರೆ ಆವಾಗ ಮಾತಾಡುತ್ತದೆ, ಇನ್ನೊಂದು ತುದಿ ಎದುರಿನದು ಬಾಯಿ ತೆಗೆದೊಡನೆ ತನ್ನ ಮಾತನ್ನು ಅರ್ಧಕ್ಕೆ ನುಂಗಿ ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಎರಡು ಮಾತಿನ ಕೆಲಸವಾದರೆ ಹೇಗೋ ನಡೆಯುತ್ತದೆ. ಉದ್ದನೆಯ ಪ್ರೋಗ್ರಾಮು ಹೊರಟರೆ ಎಲ್ಲ ಗೋಜಲು, ಮಾತಿಗೆ ಮಾತು ಡಿಕ್ಕಿ ಹೊಡೆದಾಗಲೆಲ್ಲ ಆ ಹಳದಿ ದೀಪ ಮಿಟುಕುತ್ತದೆ. ಹೊಟ್ಟೆಗೇನೂ ಬೀಳದೆ ಮಷೀನು ಟೂಲನ್ನು ಇದ್ದಲ್ಲೇ ತಿರುಗಿಸುತ್ತ ಕಾಯುತ್ತದೆ.

ಚೇತನಾ ಕೆಳಗೆ ಹೋಗಿ ಮಷೀನಿನ ಪರದೆಯ ಮುಂದೆ ನಿಂತಳು. ಪುರೋಹಿತರು ಅವಳ ತಲೆಯ ಮೇಲೂ ನಾಲ್ಕು ಹನಿ ಹಾಕಿ ಮುಂದೆ ಹೋದರು. ನೆಟ್‌ವರ್ಕ್ ಕಾರ್ಡಿನ ಸೆಟ್ಟಿಂಗು ತೆರೆದು, ಸ್ಪೀಡು–ಡ್ಯುಪ್ಲೆಕ್ಸ್ ಅನ್ನುವ ಸಾಲಿನ ಎದುರು ನೋಡಿದಳು. ಅಲ್ಲಿ ಆ ಹುಡುಗ ಇಟ್ಟುಹೋದದ್ದೇ ಇತ್ತು. ಅದನ್ನು ‘ಆಟೋ’ಗೆ ಇಳಿಸಿ ಓಕೆ ಒತ್ತಿದಳು. ಓಡಿ ಮೇಲೆ ಹೋದಳು. ಹಳದಿ ದೀಪ ಮಿಟುಕುವುದು ಬಿಟ್ಟು ಸುಮ್ಮನೆ ಉರಿಯುತ್ತಿತ್ತು.

ಮಂಗಳಾರತಿಯ ಹೊತ್ತಿಗೆ ಸುಬ್ರಮಣಿ ಅದೇ ಕೆಲಸವನ್ನು ಮತ್ತೆ ಮೊದಲಿನಿಂದ ಹಚ್ಚಿದ. ಮಷೀನು ಒಮ್ಮೆಯೂ ತಡೆಯಲಿಲ್ಲ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತಾರಲ್ಲ, ಇಲ್ಲಿ ಕಾಗೆ ಮಂತ್ರ ಹೇಳಿ ತಾಂಬೂಲ ತೆಗೆದುಕೊಂಡು ಹೋಯಿತು.

"ನೋಡ್ದ್ಯಾ?" ಅಂದರು ಯಶೋದಮ್ಮ ಮಗನಿಗೆ. ಕಣ್ಣಲ್ಲಿ ನೀರೇ ಬಂದಿತ್ತು ಪಾಪ.

ಚೇತನಾ ಸುಬ್ರಮಣಿಯನ್ನು ಮೇಲೆ ಕರೆದುಕೊಂಡು ಹೋಗಿ ಎಲ್ಲ ಹೇಳಿದಳು. ವೈರು ಕಿತ್ತದ್ದು, ಗೀಟು ಒರೆಸಿದ್ದು, ತೂತು ಬದಲಾದದ್ದು. ಆರತಿ ಮುಟ್ಟಿ ಸುಳ್ಳು ಹೇಳಿದ ಹಾಗಾಯಿತಲ್ಲ ಅನ್ನುವ ಹೆದರಿಕೆ ಬೇರೆ. ಬೈಸಿಕೊಳ್ಳಲು ತಯಾರಾಗಿ ನಿಂತಿದ್ದಳು.

ಸುಬ್ರಮಣಿ ಬೈಯಲಿಲ್ಲ. ನಕ್ಕ.

"ಒಳ್ಳೆ ಮನಸ್ಸಮ್ಮ ನಿಂದು. ಅವನ ಮೇಲೆ ಕನಿಕರ, ಅದಕ್ಕೆ ನಿನ್ ತಲೆ ಮೇಲೆ ಹಾಕ್ಕೊಳ್ತಾ ಇದೀಯ. ಅವನೇ ಒಪ್ಕೊಂಡ್ನಲ್ಲಮ್ಮ, ಬಾಯಾರೆ."

"ಸಾರ್, ಅವ್ರು ಒಪ್ಕೊಂಡಿದ್ದು ಬೇರೆ. ಮಷೀನ್ ನಿಂತಿದ್ದು ನನ್ನಿಂದ."

"ಅವ್ನು ಹೋದ, ಪುಣ್ಯಾಹ ಆಯ್ತು, ಸರಿಹೋಯ್ತು. ಇನ್ನು ಯಾಕಮ್ಮ ಕೆದಕ್ತೀಯ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವುದನ್ನು ಅವಳು ಕೇಳಿದ್ದಳು. ಜ್ವರ ಬಂದ ಎತ್ತೇ ಎದ್ದು ನಿಂತು ನನಗೆ ಕಣ್ರೋ ಜ್ವರ ಅಂತ ಕೂಗಿದರೂ ಯಾರೂ ಕೇಳುವುದಿಲ್ಲ ಅನ್ನುವುದು ಅವತ್ತು ಗೊತ್ತಾಯಿತು. ಮಾಡದ ತಪ್ಪನ್ನು ಅವನು ಒಪ್ಪಿಕೊಂಡ, ಎಲ್ಲರೂ ನಂಬಿದರು. ಮಾಡಿದ ತಪ್ಪನ್ನು ಅವಳು ಒಪ್ಪಿಕೊಂಡರೆ ಒಳ್ಳೆ ಹುಡುಗಿ ಅಂತ ಬೆನ್ನು ತಟ್ಟುತ್ತಾರೆ! ಅವಳಿಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು.

ದ್ಯಾಮಪ್ಪನ ರೂಮು ಇದ್ದದ್ದು ಕುರುಬರಹಳ್ಳಿಯಲ್ಲಿ. ಸಂಜೆ ಕೆಲಸ ಬಿಟ್ಟವಳು ಹುಡುಕಿಕೊಂಡು ಹೋದಳು. ಒಂದೇ ಕೋಣೆಯಲ್ಲಿ ಅವನ ಕಡೆಯ ನಾಲ್ಕಾರು ಮಂದಿ ಇದ್ದರು. ಹೆಂಗಸು ಬಂದದ್ದು ನೋಡಿ ಅವರೆಲ್ಲ ಎದ್ದು ಹೊರಗೆ ಹೋದರು. ಅವನು ಗೋಡೆಗೆ ಒರಗಿದ್ದವನು ಗಡಬಡಿಸಿ ಎದ್ದು ಚಾಪೆ ಹಾಸಿದ.

"ಊರಿಗೆ ಹೋಗಿಲ್ವಾ?" ಅಂದಳು.

"ಯಾವ ಮಾರಿ ತಗೊಂಡು ಹೋಗ್ಲಿರಿ ಮೇಡಂ? ಮಣ್ಣಿಗೆ ಬರದಾಂವ ಈಗ್ಯಾಕ ಬಂದಿ ಅಂತಾರ."

ಅವಳು ವಿಷಯ ಹೇಳಿದಳು. ಅವನು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. ಕೊನೆಗೆ, "ಈಗ ಓಡಾಕತ್ತೈತೇನ್ರಿ?" ಅಂತ ಕೇಳಿದ.

"ಚೆನ್ನಾಗಿ ಓಡ್ತಿದೆ."

"ನೋಡ್ರಿ ಮತ್ತ. ನಾ ಬಿಟ್ಟ ಮ್ಯಾಲೆ ಸರಿ ಆತು." ಹಾಗಂದಾಗ ಅವನ ಮುಖದಲ್ಲಿ ದುಃಖಕ್ಕಿಂತ ಹೆಚ್ಚಾಗಿ ಕಂಡದ್ದು ಒಂದು ಥರದ ನೆಮ್ಮದಿ. ಚೇತನಾಗೆ ಅದು ಅರ್ಥವಾಗಲಿಲ್ಲ. ಪಾಪ, ಎಲ್ಲರೂ ಸೇರಿ ಇವನ ತಲೆ ಕೆಡಿಸಿಬಿಟ್ಟಿದ್ದಾರೆ ಅಂದುಕೊಂಡಳು. ಹೇಗಾದರೂ ಇವನ ತಲೆಯಿಂದ ಇದನ್ನು ಇಳಿಸಲೇಬೇಕು ಅಂತ ಅಲ್ಲೇ ತೀರ್ಮಾನಿಸಿದಳು.

ಮಾರನೆಯ ದಿನ ಸುಬ್ರಮಣಿಯ ಮುಂದೆ ನಿಂತು, "ಸಾರ್, ಭಾನುವಾರ ಬೆಳಗ್ಗೆ ವರ್ಕ್‌ಶಾಪ್ ತೆಗೀಬೇಕು. ದ್ಯಾಮಪ್ಪನೂ ಬರ್ತಾರೆ. ಮಷೀನನ್ನ ಮತ್ತೆ ಕೆಡಿಸಿ ತೋರಿಸ್ತೀನಿ," ಅಂದಳು.

"ನಿಂಗೇನ್ ತಲೆ ಕೆಟ್ಟಿದ್ಯಾ? ಸರಿಯಿರೋದನ್ನ ಯಾರಾದ್ರೂ ಕೆಡಿಸಿ ನೋಡ್ತಾರಾ?"

"ಹಂಗಾದ್ರೆ ನಾನೂ ನಾಳೆಯಿಂದ ಬರಲ್ಲ ಸಾರ್."

ಹೇಳಿದ ಮೇಲೆ ಅವಳಿಗೇ ಆಶ್ಚರ್ಯ. ಇಷ್ಟು ವರ್ಷದಲ್ಲಿ ಮಾಲೀಕನ ಎದುರು ಒಂದು ದಿನ ದನಿ ಏರಿಸಿದವಳಲ್ಲ. ಸುಬ್ರಮಣಿ ಅವಳನ್ನೇ ನೋಡಿದ. ಪ್ರೋಗ್ರಾಮು ಬರೆಯುವವಳು ಹೋದರೆ ಮುಚ್ಚಳದ ಅಚ್ಚಿನ ಗತಿಯೇನು ಅನ್ನುವ ಲೆಕ್ಕ ಅವನಿಗೆ ಬೇಗ ಹೊಳೆಯಿತು. "ಸ್ಕ್ರ್ಯಾಪ್ ತುಂಡಿನ ಮೇಲೆ ಮಾತ್ರ," ಅಂತ ಗೊಣಗಿ ಒಪ್ಪಿದ.

ಭಾನುವಾರ ಗಲ್ಲಿ ಭಣಗುಟ್ಟುತ್ತಿತ್ತು. ಷಟರ್ ಅರ್ಧ ಎತ್ತಿ ಒಳಗೆ ಹೋದರು. ಸದ್ದು ಕೇಳಿ ಯಶೋದಮ್ಮನವರೂ ಹಿಂಬಾಗಿಲಿನಿಂದ ಬಂದು ನಿಂತರು, ದ್ಯಾಮಪ್ಪನನ್ನು ನೋಡಿ ಹುಬ್ಬು ಗಂಟಿಕ್ಕಿದರು, ಆದರೆ ಹೋಗು ಅನ್ನಲಿಲ್ಲ. ಅವನು ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ.

"ಅಲ್ಲಲ್ಲ, ನೀವೇ ಬನ್ನಿ. ಬಟನ್ ನೀವೇ ಒತ್ತಬೇಕು," ಅಂದಳು ಚೇತನಾ.

"ಬ್ಯಾಡ್ರಿ ಮೇಡಂ."

"ಒತ್ತಿ."

ಅವನು ಅಂಗಿಗೆ ಕೈ ಒರೆಸಿಕೊಂಡು ಬಂದು ಒತ್ತಿದ. ಮಷೀನು ಹೊರಟಿತು. ಅಲ್ಯೂಮಿನಿಯಂ ತುಂಡಿನ ಮೇಲೆ ಟೂಲು ಸರಸರ ಹರಿದಾಡಿತು. ಎಷ್ಟು ಹೊತ್ತು ನಿಂತು ನೋಡಿದರೂ ತಡೆಯಲಿಲ್ಲ. ಸೂತಕದವನು ಮುಟ್ಟಿದ್ದಾನೆ, ಆದರೂ ಓಡುತ್ತಿದೆ. ಯಶೋದಮ್ಮನವರ ಹುಬ್ಬು ನಿಧಾನವಾಗಿ ಸಡಿಲಾಯಿತು.

"ಈಗ ನೋಡಿ," ಅಂತ ಚೇತನಾ ಪರದೆಯಲ್ಲಿ ‘ಆಟೋ’ ತೆಗೆದು ಹಳೆಯದನ್ನೇ ಇಟ್ಟಳು. ದ್ಯಾಮಪ್ಪ ಮತ್ತೆ ಬಟನ್ ಒತ್ತಿದ. ಸ್ವಲ್ಪ ದೂರ ಸಾಗಿದ ಟೂಲು ತಡೆಯಿತು. ಇದ್ದಲ್ಲೇ ಉಜ್ಜಿತು. ಸಾಗಿತು, ತಡೆಯಿತು.

"ಅದೇ ಸದ್ದು!" ಅಂದ ಸುಬ್ರಮಣಿ.

ಅವಳು ‘ಆಟೋ’ಗೆ ತಂದಳು. ಓಡಿತು. ಹಳೆಯದಕ್ಕೆ ತಂದಳು. ಬಿಕ್ಕಳಿಸಿತು. ಮತ್ತೊಮ್ಮೆ ಮಾಡಿದಳು. ಇನ್ನು ಯಾವ ಅನುಮಾನಕ್ಕೂ ಜಾಗವಿರಲಿಲ್ಲ. ಸುಬ್ರಮಣಿ ಕತ್ತು ಕೆರೆದುಕೊಂಡು, "ನಾಳೆಯಿಂದ ಬಂದ್ಬಿಡಪ್ಪ ದ್ಯಾಮಪ್ಪ. ಏನೋ ಸಿಟ್ಟಲ್ಲಿ ಅಂದೆ," ಅಂದ. ಅಷ್ಟು ಹೇಳುವುದಕ್ಕೆ ಅವನಿಗೆ ಎಷ್ಟು ಕಷ್ಟವಾಯಿತು ಅನ್ನುವುದು ಅವನ ಕಿವಿ ಕೆಂಪಾದದ್ದರಲ್ಲೇ ಗೊತ್ತಾಗುತ್ತಿತ್ತು. ಯಶೋದಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಒಂದು ಹೆಜ್ಜೆ ಮುಂದೆ ಬಂದು, "ನಿಮ್ ದೊಡ್ಡಮ್ಮನ ಹೆಸರೇನಪ್ಪ?" ಅಂತ ಕೇಳಿದರು. ಇಷ್ಟು ದಿನದಲ್ಲಿ ಆ ಮಾತು ಕೇಳಿದವರು ಅವರೇ ಮೊದಲು.

"ಶಂಕ್ರವ್ವ ಅಂತ್ರಿ."

ಚೇತನಾಗೆ ಹಿಗ್ಗೋ ಹಿಗ್ಗು. ಮೈಮೇಲಿನ ಕಲ್ಲು ಇಳಿಸಿದ ಹಾಗಿತ್ತು. ದ್ಯಾಮಪ್ಪನ ಕಡೆ ತಿರುಗಿದಳು. ಅವನೂ ನಗುತ್ತಿರುತ್ತಾನೆ ಅಂದುಕೊಂಡಿದ್ದಳು.

ಅವನು ನಗುತ್ತಿರಲಿಲ್ಲ. "ಇನ್ನೊಂದ್ಸಲ ನಿಲ್ಲಸ್ರಿ ಮೇಡಂ," ಅಂದ.

"ಯಾಕೆ, ಇನ್ನೂ ನಂಬಿಕೆ ಬರ್ಲಿಲ್ವಾ?"

"ಬಂತ್ರಿ. ಆದ್ರೂ ಒಂದ್ಸಲ."

ಅವಳು ಹಳೆಯದಕ್ಕೆ ತಂದಳು. ಅವನೇ ಬಟನ್ ಒತ್ತಿ, ಮಷೀನಿನ ಮೈಮೇಲೆ ಅಂಗೈ ಊರಿ ನಿಂತ. ಸದ್ದು ಸಾಗಿತು, ತಡೆಯಿತು, ಉಜ್ಜಿತು.

"ಹಿಂಗಽ ನಿಂತಾಗೆಲ್ಲ ನಾ ಏನ್ ತಿಳ್ಕೊಂಡಿದ್ನಿ ಗೊತ್ತೇನ್ರಿ?" ಅಂದ, ಯಾರ ಮುಖವನ್ನೂ ನೋಡದೆ. "ದೊಡ್ಡವ್ವ ಬಂದು ನಿಲ್ಲಸ್ತಾಳ ಅಂತ ತಿಳ್ಕೊಂಡಿದ್ನಿ. ಮಣ್ಣಿಗೆ ಬರಲಿಲ್ಲ ಅಂತ ಸಿಟ್ಟು ಅಕಿಗೆ. ಬೈಯಾಕ ಬಂದಾಳ. ಬೈಲಿ ಬಿಡು, ಬಂದಾಳಲ್ಲ ಅಂತಿದ್ನಿ. ಸರ ಬೈಯಾಕತ್ತಿದ್ರ ನಾ ಕೆಳಗ ನೋಡ್ಕೊಂಡು ಅಕಿ ಕೂಡ ಮಾತಾಡ್ತಿದ್ನಿ ಮೇಡಂ."

ಟೂಲು ಮತ್ತೆ ತಡೆಯಿತು.

"ಹಂಗಾದ್ರ ಅಕಿ ಬಂದಽ ಇಲ್ಲ," ಅಂದ.

ಫೋನು ಬಂದ ದಿನದಿಂದ ಒಂದು ಹನಿ ಕಣ್ಣೀರು ಹಾಕದವನು ಮಷೀನಿಗೆ ಹಣೆ ಹಚ್ಚಿ, ಸಣ್ಣ ಮಕ್ಕಳು ಅಳುವ ಹಾಗೆ ಬಾಯಿಬಿಟ್ಟು ಅತ್ತ. ಯಶೋದಮ್ಮ ಹೋಗಿ ಅವನ ಬೆನ್ನ ಮೇಲೆ ಕೈಯಿಟ್ಟರು. ಸುಬ್ರಮಣಿ ಷಟರಿನ ಕಡೆ ಮುಖ ತಿರುಗಿಸಿದ.

ಚೇತನಾಳ ಹಿಗ್ಗೆಲ್ಲ ಇಳಿದುಹೋಯಿತು. ತನ್ನ ತಪ್ಪನ್ನು ತೊಳೆದುಕೊಳ್ಳಲು ಅಂತ ಬಂದವಳು ಇವನಿಂದ ಏನನ್ನು ಕಿತ್ತುಕೊಂಡೆ ಅನ್ನುವುದು ಅವಳಿಗೆ ಈಗ ತಿಳಿಯಿತು. ತಿಳಿದೂ ಏನೂ ಮಾಡುವ ಹಾಗಿರಲಿಲ್ಲ. ಸದ್ದಾದರೂ ನಿಲ್ಲಲಿ ಅಂತ ಮೌಸಿನ ಕಡೆ ಕೈ ಚಾಚಿದಳು.

"ತಡೀರಿ ಮೇಡಂ," ಅಂದ ದ್ಯಾಮಪ್ಪ, ಹಣೆ ಎತ್ತದೆ. "ಇನ್ನೊಂಚೂರು ಇರ್ಲಿ."

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.